ಎರಡು ಕೆಮ್ಮು

ಲಬೀಬ್ ಮೇಷ್ಟ್ರಿಗೆ ಸಿಕ್ಕಿದ್ದು ಕಿಟಕಿಯ ಕೆಳಗಿನ ಕುರ್ಚಿ. ಸಿಕ್ಕಿದ್ದು ಎನ್ನುವುದಕ್ಕಿಂತ ಕೂರಿಸಿದ್ದು ಎನ್ನಬೇಕು. ಅಂಗಳದಲ್ಲಿ ಟಾರ್ಪಾಲಿನ ನೆರಳಿಗೆ ಮೂರು ಸಾಲು ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗೇಟಿನ ಪಕ್ಕದ್ದೊಂದನ್ನು, ಕಾಲು ಗಂಟೆಯಲ್ಲಿ ಎದ್ದು ಜಾರಿಕೊಳ್ಳಲು ಅನುಕೂಲವಾದದ್ದನ್ನು, ಅವರು ಬರುವಾಗಲೇ ಕಣ್ಣಲ್ಲಿ ಹಿಡಿದಿಟ್ಟುಕೊಂಡಿದ್ದರು. ಆದರೆ ಸತ್ತ ರಿದಾನ ಅಳಿಯ, ಕೈಯಲ್ಲಿ ಕಾಫಿಯ ಹೂಜಿಯ ಸಮೇತ ಅಡ್ಡ ಬಂದು, "ಅಲ್ಲಲ್ಲ ಮೇಷ್ಟ್ರೇ, ನಿಮ್ಮ ಜಾಗ ಅಲ್ಲಿ. ಅತ್ತೆ ಹೇಳಿದಾರೆ" ಎಂದು ಹಿಂದಿನ ಗೋಡೆಯ ಕಡೆ ನಡೆಸಿಕೊಂಡು ಹೋದ. ಗೋಡೆಯಲ್ಲಿ ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು, ಸರಳಿನಾಚೆ ಹೆಂಗಸರ ಕೋಣೆ. ಬೆನ್ನಿನ ಹಿಂದೆ ಇಪ್ಪತ್ತು ಹೆಂಗಸರ ಪಿಸುಮಾತು, ಎದುರಿಗೆ ನಲವತ್ತು ಗಂಡಸರ ಮುಖ. ಸಾವಿನ ಮನೆಯಲ್ಲೂ ತನ್ನನ್ನು ಕರಿಹಲಗೆಯ ಮುಂದೆಯೇ ಕೂರಿಸಿದರಲ್ಲ ಎಂದು ಮೇಷ್ಟ್ರಿಗೆ ಮೈ ಉರಿಯಿತು.

ಮೂರನೆಯ ದಿನ ಅದು. ಮೊದಲ ದಿನ ಅಳುತ್ತಾರೆ, ಎರಡನೆಯ ದಿನ ಸುಮ್ಮನಿರುತ್ತಾರೆ, ಮೂರನೆಯ ದಿನ ರಾಜಕೀಯ ಮಾತಾಡುತ್ತಾರೆ. ಎದುರು ಸಾಲಿನ ನಡುವೆ ಊರ ಕೌನ್ಸಿಲಿನ ಅಧ್ಯಕ್ಷ ಫೌಜಿ ಕಾಲ ಮೇಲೆ ಕಾಲು ಹಾಕಿದ್ದ. ಐದನೇ ಕ್ಲಾಸಿನಲ್ಲಿ ಮೂರು ವರ್ಷ ಕೂತವನು. ಈಗ ಅಧ್ಯಕ್ಷನಾಗಿ ಮೂರನೇ ಅವಧಿ. ಕೂರುವ ವಿದ್ಯೆಯೊಂದೇ ಅವನಿಗೆ ಒಲಿದದ್ದು. ನಾಡಿದ್ದು ಯಹೂದಿ ರಾಜ್ಯಕ್ಕೆ ಐವತ್ತೆರಡು ತುಂಬುತ್ತದೆ. ಕೌನ್ಸಿಲ್ ಕಟ್ಟಡದ ಮೇಲೆ ನೀಲಿ ನಕ್ಷತ್ರದ ಬಾವುಟ ಹಾರಿಸಬೇಕೆಂದು ಜೆರುಸಲೇಮಿನಿಂದ ಸುತ್ತೋಲೆ ಬಂದಾಗ ಫೌಜಿ ನೀರಿನ ಟ್ಯಾಂಕಿನ ಹಿಂದೆ, ಗಾಳಿಯೇ ತಾಗದ ಮೂಲೆ ಹುಡುಕಿ, ಕಂಬ ನೆಡಿಸಿದ್ದ. ಸರ್ಕಾರಕ್ಕೆ ಬಾವುಟ ಉಂಟು, ಊರಿಗೆ ಹಾರಾಟವಿಲ್ಲ. ಎರಡು ಕಡೆಯ ಓಟೂ ಭದ್ರ. ಅಂಥವನು ಈಗ ಎದೆಯ ಮೇಲೆ ಕೈಯಿಟ್ಟುಕೊಂಡು, "ರಿದಾ ಮೇಷ್ಟ್ರು ಹಾಡಲಿಲ್ಲ ಸ್ವಾಮಿ. ಹತ್ತನೇ ವರ್ಷದ ಹಬ್ಬಕ್ಕೆ ಇಡೀ ಗಲಿಲಿಯೇ ಹಾಡ್ತಿದ್ದಾಗ ಒಬ್ಬ ಮನುಷ್ಯ ಹಾಡಲಿಲ್ಲ" ಎನ್ನುತ್ತಿದ್ದ. ಮೇಷ್ಟ್ರು ಮನಸ್ಸಿನಲ್ಲೇ ಅವನ ದನಿಯನ್ನು ತಿರುವಿ ನೋಡಿದರು: ಮೂಗಿನಲ್ಲಿ ಅರ್ಧ, ಹೊಟ್ಟೆಯಲ್ಲಿ ಅರ್ಧ, 'ಸ್ವಾಮಿ' ಅನ್ನುವಾಗ ತುಟಿ ಬಿಚ್ಚದೆ. ಸುಲಭ. ಎರಡು ನಿಮಿಷದ ಕೆಲಸ. ಅರವತ್ತೈದು ವಯಸ್ಸಾದರೂ ಈ ಚಟ ಬಿಟ್ಟಿಲ್ಲ. ಯಾರೇ ಬಾಯಿ ತೆರೆಯಲಿ, ಮಾತು ಏನೆಂದು ಕೇಳುವ ಮೊದಲು ಗಂಟಲು ಹೇಗೆಂದು ನೋಡುತ್ತಾರೆ.

ಹಾಡಲಿಲ್ಲವಂತೆ. ಹಾಡಿದ್ದ. ಅದೇ ತಾನೆ ತೊಂದರೆ.

ಅಳಿಯ ಬಂದು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎರಡು ಗುಟುಕು ಕಹಿ ಕಾಫಿ ಹಾಕಿದ. ಸಾವಿನ ಮನೆಯ ಕಾಫಿಗೆ ಸಕ್ಕರೆಯಿಲ್ಲ. ಮೇಷ್ಟ್ರು ಕುಡಿದು, ಬಟ್ಟಲನ್ನು ಬೆರಳ ತುದಿಯಲ್ಲಿ ಅಲುಗಿಸಿ, ಸಾಕೆಂದು ವಾಪಸು ಕೊಟ್ಟರು. ಅಲುಗಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ. ಇನ್ನೂರು ಸಾವಿನ ಮನೆಗಳಲ್ಲಿ ಅವರು ಒಂದೇ ಬಟ್ಟಲಿಗೆ ಅಲುಗಿಸಿ ಎದ್ದವರು. ಅಲುಗಿಸುವುದರಲ್ಲೂ ಅವರದೊಂದು ಶೈಲಿಯಿದೆ ಎಂದು ಊರೇ ಹೇಳುತ್ತಿತ್ತು. ಸತ್ತ ರಿದಾ ಸಹ ಒಮ್ಮೆ ಹೇಳಿದ್ದ, ಇದೇ ಬೀದಿಯಲ್ಲಿ. ಎದುರಿಗೆ ಬಂದರೆ ನಿಲ್ಲುತ್ತಿದ್ದ, ಮೊದಲು ಎರಡು ಸಲ ಕೆಮ್ಮುತ್ತಿದ್ದ, ಆಮೇಲೆ, "ಹೇಗಿದೀಯ ಲಬೀಬ್, ಮಕ್ಕಳು ಹೇಗಿದಾರೆ" ಎಂದು ಕೇಳುತ್ತಿದ್ದ. ನಲವತ್ತೆರಡು ವರ್ಷ. ಹಬ್ಬದ ದಿನ ಕೈ ಕುಲುಕುವಾಗಲೂ ಆ ಎರಡು ಕೆಮ್ಮು ಮೊದಲು. ಶಾಲೆಯ ಕೆಲಸ ಹೋದ ಮೇಲೆ ಹೈಫಾದಲ್ಲಿ ಯಹೂದಿಗಳ ಮನೆ ಕಟ್ಟಲು ಕಲ್ಲು ಹೊತ್ತವನು, ಎದೆಗೆ ಧೂಳು ಕೂತಿದೆ ಎಂದು ಮೇಷ್ಟ್ರು ತಿಳಿದಿದ್ದರು, ಮತ್ತು ಆ ಧೂಳಿನಲ್ಲಿ ತನ್ನ ಪಾಲೆಷ್ಟು ಎಂಬ ಲೆಕ್ಕ ಬೇಡವೆಂದು ಬೇಗ ಬೇಗ ಉತ್ತರ ಕೊಟ್ಟು ದಾಟಿಕೊಳ್ಳುತ್ತಿದ್ದರು. ಎಂಥ ಮನುಷ್ಯ. ಕೆಮ್ಮುವುದಕ್ಕೂ ರಸ್ತೆಯೇ ಬೇಕಿತ್ತೆ?

"ಮೇಷ್ಟ್ರೇ, ಇದು ಇಲ್ಲಿಟ್ಟಿರ್ತೀನಿ, ನೀವು ಗಮನ ಕೊಡ್ಬೇಡಿ." ರಿದಾನ ಮೊಮ್ಮಗ ಇಯಾಸ್. ಹೈಫಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಹೇಳುತ್ತಾನೆ, ಮೂವತ್ತರ ಹತ್ತಿರ, ಗಡ್ಡವನ್ನು ಮೂರು ದಿನದ್ದೆಂಬಂತೆ ಕಾಣಿಸಲು ದಿನವೂ ಕತ್ತರಿಸುವವರ ಪೈಕಿ. ಪಕ್ಕದ ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ. ಸಣ್ಣ ಕೆಂಪು ದೀಪ ಹತ್ತಿತು. "ಮಿಲಿಟರಿ ಆಡಳಿತದ ಕಾಲದ ಶಾಲೆಗಳ ಬಗ್ಗೆ ಬರೀತಿದೀನಿ. ಅಜ್ಜನ ಕೆಲಸ ಹೋದದ್ದು ಒಂದು ಅಧ್ಯಾಯ. ಹೆಡ್ಮಾಸ್ಟರ್ ಶಹಾದೆ ಚಾಡಿ ಹೇಳಿದ್ದು ಅಂತ ಊರಿಗೆಲ್ಲ ಗೊತ್ತು. ಆದರೆ ಸ್ಟಾಫಿನಲ್ಲಿ ಉಳಿದಿರೋರು ನೀವೊಬ್ಬರೇ. ನಿಮ್ಮ ಬಾಯಿಂದ ಬಂದ್ರೆ ಅದು ದಾಖಲೆ."

ದಾಖಲೆ. ಇವನ ತಲೆಮಾರಿಗೆ ಎಲ್ಲವೂ ದಾಖಲೆ. ಹಿರಿಯರು ಅನುಭವಿಸಿದ್ದು ಇವರಿಗೆ ಅಡಿಟಿಪ್ಪಣಿ. ನಲವತ್ತೆಂಟರ ಯುದ್ಧದಲ್ಲಿ ಎರಡು ಮೈಲಿ ಆಚೆಯ ಐನ್ ಹಮ್ರಾ ಊರು ಖಾಲಿಯಾದಾಗ ಹದಿನೇಳರ ರಿದಾ ಒಂದು ಮೇಕೆ ಹಿಡಿದುಕೊಂಡು ಈ ಊರಿಗೆ ನಡೆದು ಬಂದ. ಅವನ ಊರಿನ ಮೇಲೆ ಈಗ ಪೈನ್ ಮರಗಳು, ಮರಗಳ ಕೆಳಗೆ ರಜಾದಿನ ಮಾಂಸ ಸುಡುವವರು. ದೇಶ ಬಿಟ್ಟು ಹೋಗಿರಲಿಲ್ಲ. ಆದರೆ ಕಾನೂನಿನ ಪ್ರಕಾರ ತನ್ನ ಮನೆಯಲ್ಲಿರಬೇಕಾದ ದಿನ ಇರಲಿಲ್ಲ. ಆದ್ದರಿಂದ ಸರ್ಕಾರ ಅವನಂಥವರಿಗೆ ಇಟ್ಟ ಹೆಸರು 'ಹಾಜರಿದ್ದೂ ಗೈರುಹಾಜರಾದವರು'. ಸ್ಟಾಫ್ ರೂಮಿನಲ್ಲಿ ರಿದಾ ಹೇಳುತ್ತಿದ್ದ: "ನನ್ನ ಹೆಸರಿನ ಮುಂದೆ ಎರಡು ಗುರುತೂ ಹಾಕ್ರಯ್ಯ, ಇನ್‌ಸ್ಪೆಕ್ಟರಿಗೆ ಖುಷಿಯಾಗ್ಲಿ." ಎಲ್ಲರೂ ನಗುತ್ತಿದ್ದರು. ಲಬೀಬ ಮಾತ್ರ ಹಾಜರಿ ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದ. ಶಾಲೆಯಲ್ಲಿ ನಗಿಸುವವನು ತಾನು, ಈ ಗೈರುಹಾಜರಿಯ ಮನುಷ್ಯನಿಗೆ ಆ ಕೆಲಸ ಕೊಟ್ಟವರು ಯಾರು?

ಇಯಾಸ್ ಕಾಯುತ್ತಿದ್ದ. ಗುಡ್ಡದ ಮೇಲಿನ ಕೆಂಪು ಹಂಚಿನ ಯಹೂದಿ ಊರಿನಲ್ಲಿ ಯಾರೋ ಹಬ್ಬಕ್ಕೆ ಮೈಕು ಪರೀಕ್ಷಿಸುತ್ತ ಹೀಬ್ರೂವಿನಲ್ಲಿ ಒಂದು, ಎರಡು, ಒಂದು, ಎರಡು ಎನ್ನುತ್ತಿದ್ದರು. ಮೂರಕ್ಕೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಆ ಗುಡ್ಡ ಒಂದು ಕಾಲಕ್ಕೆ ಫೌಜಿಯ ತಾತನ ಅಂಜೂರದ ತೋಟ. ಎಪ್ಪತ್ತಾರರಲ್ಲಿ ಗಲಿಲಿಯ ಊರೂರೂ ನೆಲ ಕಿತ್ತುಕೊಳ್ಳುವುದರ ವಿರುದ್ಧ ಮುಷ್ಕರ ಹೂಡಿದಾಗ, ಬರದ ಮೇಷ್ಟ್ರುಗಳ ಕೆಲಸ ಹೋಗುತ್ತದೆಂದು ಸುತ್ತೋಲೆ ಬಂದಿತ್ತು. ಮಕ್ಕಳೆಲ್ಲ ಬೀದಿಯಲ್ಲಿದ್ದರು. ಲಬೀಬ್ ಮೇಷ್ಟ್ರು ಖಾಲಿ ತರಗತಿಯಲ್ಲಿ ಬಾಗಿಲು ಹಾಕಿಕೊಂಡು ಹಾಜರಿ ಕರೆದರು. ಒಂದೊಂದು ಹೆಸರಿಗೂ ಆಯಾ ಹುಡುಗನ ದನಿಯಲ್ಲಿ ತಾವೇ "ಬಂದಿದೀನಿ ಸಾರ್" ಎಂದು ಉತ್ತರಿಸಿಕೊಂಡರು. ಮೂವತ್ತೊಂದು ದನಿ. ಒಂದೂ ತಪ್ಪಲಿಲ್ಲ. ಇದನ್ನು ಯಾವ ದಾಖಲೆಯಲ್ಲಿ ಬರೆಯುತ್ತಾನೆ ಈ ಗಡ್ಡದವನು?

"ಹಾಗಂತ ಜನ ಹೇಳ್ತಾರೆ" ಎಂದರು ಮೇಷ್ಟ್ರು.

"ಅಂದ್ರೆ ಶಹಾದೇನೇ?"

"ಜನ ಹೇಳ್ತಾರಪ್ಪ. ನಾನು ಆಗ ಚಿಕ್ಕವನು."

ಇಪ್ಪತ್ತಮೂರು. ಚಿಕ್ಕವನಂತೆ. ಶಹಾದೆಯ ಬಾಗಿಲಿಗೆ ಜನ ಸಗಣಿ ಎರಚಿದಾಗ, ಅವನ ಮಗ ಊರು ಬಿಟ್ಟು ನಜರೇತಿಗೆ ಹೋದಾಗ, ಆ ಹೆಡ್ಮಾಸ್ಟರನ ಶವಪೆಟ್ಟಿಗೆಗೆ ಹೆಗಲು ಕೊಡಲು ನಾಲ್ಕನೆಯವನೇ ಸಿಗದಿದ್ದಾಗಲೂ ಲಬೀಬ್ ಮೇಷ್ಟ್ರು ಚಿಕ್ಕವರೇ ಆಗಿದ್ದರು. ಆಗ ಅವರಿಗೆ ನಲವತ್ತೈದು. ಆ ನಾಲ್ಕನೆಯ ಹೆಗಲು ಕೊಟ್ಟವನು ರಿದಾ. ಎಂಥ ದೊಡ್ಡ ಮನಸ್ಸು, ಕೇಡು ಬಗೆದವನನ್ನೂ ಹೊತ್ತ ಎಂದು ಊರು ಕಣ್ಣೊರೆಸಿಕೊಂಡಿತು. ಊರಿಗೆ ಕಣ್ಣೊರೆಸಿಕೊಳ್ಳುವುದೆಂದರೆ ಮೊದಲಿಂದಲೂ ಪ್ರೀತಿ.

ಐವತ್ತೆಂಟರ ವಸಂತ. ಊರಿನ ಗಡಿ ದಾಟಲು ಮಿಲಿಟರಿ ಗವರ್ನರನ ಕಚೇರಿಯ ಚೀಟಿ ಬೇಕಿತ್ತು. ಲಬೀಬ ಆ ಕಚೇರಿಗೆ ಹೋದದ್ದು ಮದುವೆಗೆ ಶೂ ಕೊಳ್ಳುವ ಚೀಟಿ ಕೇಳಲು. ಹೈಫಾಕ್ಕೆ ಒಂದು ದಿನದ ಚೀಟಿ ಸಾಕಾಗಿತ್ತು. ತಾಯಿಗೆ ಔಷಧಿ ತರಲು ಹೋಗಿದ್ದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದ್ದರು, ಆದರೆ ಆ ಶೂ ಕಂದು ಬಣ್ಣದ್ದು, ಮುಂದೆ ಚೂಪು, ಅದು ಔಷಧಿಯಾಗಲು ಒಪ್ಪಲಿಲ್ಲ. ಮೇಜಿನ ಹಿಂದೆ ಕೂತಿದ್ದವನು ಬಾಗ್ದಾದಿನ ಯಹೂದಿ. ಅಲ್ಲಿ ನಯೀಂ ಆಗಿದ್ದವನು ಇಲ್ಲಿ ನೋಆಮ್ ಆಗಿದ್ದ. ಅಲ್ಲಿ ನದಿಯ ಪಕ್ಕ ಮನೆ ಇತ್ತಂತೆ, ಬರುವಾಗ ಒಂದೇ ಪೆಟ್ಟಿಗೆ ತರಲು ಬಿಟ್ಟರಂತೆ, ಇಲ್ಲಿಗೆ ಬಂದಿಳಿದ ಕೂಡಲೇ ತಲೆಯ ಮೇಲೆ ಹೇನಿನ ಪುಡಿ ಎರಚಿದರಂತೆ. ಅವನ ಅರಬ್ಬಿ ಲಬೀಬನ ಅರಬ್ಬಿಗಿಂತ ಚೆನ್ನಾಗಿತ್ತು. "ನೀನೇ ಅಲ್ವಾ ಮೇಷ್ಟ್ರು, ಹತ್ತನೇ ವರ್ಷದ ಹಬ್ಬಕ್ಕೆ ಹಾಡು ಕಟ್ಟಿರೋನು? ಎಲ್ಲರ ದನೀನೂ ತೆಗೀತೀಯಂತೆ. ತೆಗಿ ನೋಡಾಣ. ನಾನು ಅರಬ್ಬೀಲಿ ನಕ್ಕು ತಿಂಗಳಾಯ್ತು ಕಣಯ್ಯ. ಇಲ್ಲಿ ನಮ್ಮೋರು ಹೀಬ್ರೂನಲ್ಲಿ ನಗ್ತಾರೆ. ಅದು ನಗು ಅಲ್ಲ, ಕಸರತ್ತು."

ಲಬೀಬ ಹೆಡ್ಮಾಸ್ಟರನ್ನು ಮಾಡಿದ. ಇನ್‌ಸ್ಪೆಕ್ಟರನ್ನು ಮಾಡಿದ. ಪೋಲೆಂಡಿನಿಂದ ಬಂದ ಗವರ್ನರ್ ಸಾಹೇಬ ಪುಸ್ತಕದಲ್ಲಿ ಕಲಿತ ಅರಬ್ಬಿಯಲ್ಲಿ, "ನಿಮ್ಮ ಮಕ್ಕಳುಗಳು ಬಹಳ ಶುಚಿ ಹಾಡಿದವು" ಎಂದದ್ದನ್ನೂ ಮಾಡಿದ. ನೋಆಮ್ ಮೇಜು ಗುದ್ದಿ ನಕ್ಕ. ಕಣ್ಣಲ್ಲಿ ನೀರು ಬಂತು. "ಇನ್ನೊಬ್ಬರು, ಇನ್ನೊಬ್ಬರು" ಎಂದ, ಮಗುವಿನ ಹಾಗೆ. ಲಬೀಬನ ಚೀಲದಲ್ಲಿ ಉಳಿದಿದ್ದವನು ಒಬ್ಬನೇ. ತಾನು ಕಟ್ಟಿದ ಹಾಡನ್ನು, 'ಹತ್ತು ದೀಪ ಹಚ್ಚಿರೋ, ಹತ್ತು ವರುಷ ತುಂಬಿತು' ಎಂಬ ಹಾಡನ್ನು, ಮಕ್ಕಳಿಗೆ ಕಲಿಸುವಾಗ ರಿದಾ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿ, ಹೆಣದ ಮುಂದೆ ಅಳುವ ಮುದುಕಿಯರ ರಾಗಕ್ಕೆ ಎಳೆಯುತ್ತಿದ್ದ. ಅಕ್ಷರ ಒಂದೂ ಬದಲಿಲ್ಲ, ಆದರೆ ಹತ್ತು ದೀಪವೂ ಹೆಣದ ತಲೆಯ ಹತ್ತಿರ ಉರಿದಂತೆ ಕೇಳುತ್ತಿತ್ತು. ಲಬೀಬ ಅದನ್ನು ತೆಗೆದ. ಮೊದಲು ಎರಡು ಕೆಮ್ಮು. ಕೆಮ್ಮು ರಿದಾನದಲ್ಲ, ಲಬೀಬ ಹಾಕುತ್ತಿದ್ದ ಒಗ್ಗರಣೆ. ಸ್ಟಾಫ್ ರೂಮಿನಲ್ಲಿ ಕೇಳಿದಾಗೆಲ್ಲ ರಿದಾ, "ನಾನು ಕೆಮ್ಮಲ್ಲ ಮಾರಾಯ, ನಿನ್ನ ಕೆಮ್ಮು ನಂಗ್ಯಾಕೆ ಕಟ್ತೀಯ" ಎಂದು ತಕರಾರು ಮಾಡುತ್ತಿದ್ದ. ಆಮೇಲೆ ರಾಗ. ನೋಆಮ್ ನಗುತ್ತ ನಗುತ್ತ ಒಂದು ಘಟ್ಟದಲ್ಲಿ ನಿಂತುಬಿಟ್ಟ. ಬಾಗ್ದಾದಿನಲ್ಲಿ ತನ್ನ ಅಜ್ಜಿ ಸತ್ತಾಗ ಹೀಗೇ ಅಳುತ್ತಿದ್ದರು ಎಂದ. ಆಮೇಲೆ ಕಣ್ಣೊರೆಸಿಕೊಂಡು, ಪೆನ್ನು ತೆಗೆದು, ತುಂಬ ಸಾಧಾರಣವಾಗಿ, "ಇದು ಯಾರು?" ಎಂದು ಕೇಳಿದ.

ಒಂದು ದಿನದ ಚೀಟಿ ಕೇಳಿದವನಿಗೆ ಮೂರು ದಿನದ್ದು ಸಿಕ್ಕಿತು. ಹೈಫಾದಲ್ಲಿ ಮಾಡಲು ಮೂರು ದಿನಕ್ಕಾಗುವಷ್ಟು ಕೆಲಸವಿರಲಿಲ್ಲ. ಶೂ ಕೊಂಡು ಸಮುದ್ರದ ಮುಂದೆ ಕೂತು ಕಡಲೆ ತಿಂದ. ಊರಿಗೆ ಬಂದ ಮರುವಾರ ರಿದಾನ ಕುರ್ಚಿ ಖಾಲಿ. ತಾನು ಚಾಡಿ ಹೇಳಲಿಲ್ಲ, ಬರೇ ಹಾಡಿದೆ ಎಂದು ಲಬೀಬ ಆ ಶೂವಿಗೆ ಪಾಲಿಶ್ ಹಾಕುತ್ತ ಅಂದುಕೊಂಡ. ಅಂದುಕೊಂಡದ್ದೂ ಯಾರದೋ ದನಿಯಲ್ಲಿತ್ತು; ಯಾರದೆಂದು ಈಗ ನೆನಪಿಲ್ಲ.

"ನಿಜಾರನಪ್ಪ."

ಬೆನ್ನಿನ ಹಿಂದೆ, ಸರಳಿನ ಆಚೆಯಿಂದ. ಹೆಂಗಸರ ಪಿಸುಮಾತು ನಿಂತಿತ್ತು. ನಜ್ಲಾ, ರಿದಾನ ಹೆಂಡತಿ. ಮೇಷ್ಟ್ರ ಹಿರಿಮಗನ ಹೆಸರು ಹಿಡಿದು ಕರೆದದ್ದು ಮರ್ಯಾದೆಗೇ ಇರಬೇಕು. "ದೇವರು ಅವನಿಗೆ ಒಳ್ಳೇದು ಮಾಡ್ಲಿ ಅಕ್ಕ" ಎಂದರು ಮೇಷ್ಟ್ರು, ತಿರುಗದೆ.

"ಮಾಡ್ತಾನೆ ಬಿಡು. ಒಂದು ಕೇಳ್ಲಾ? ಅವನ ಫೋಟೋ ಇದಾವೆ ನಾಲ್ಕು. ದನಿ ಯಾರ ಹತ್ರಾನೂ ಇಲ್ಲ. ಮೊಮ್ಮಗ ಊರೋರ ದನಿಯೆಲ್ಲ ಡಬ್ಬೀಲಿ ತುಂಬ್ಕೊಂಡ, ಅಜ್ಜಂದು ಮರೆತ. ಬದುಕಿರೋರ ಪೈಕಿ ಅವನ ಗಂಟಲು ಬಲ್ಲೋನು ನೀನೊಬ್ಬ. ಒಂದ್ಸಲ ಮಾಡು."

"ಸಾವಿನ ಮನೇಲಿ ಅದೆಲ್ಲ ಚೆನ್ನಾಗಿರಲ್ಲಕ್ಕ."

"ಸಾವು ನಮ್ಮನೇದು. ಚೆನ್ನಾಗಿರುತ್ತೋ ಇಲ್ವೋ ನಾನು ಹೇಳ್ತೀನಿ."

ಫೌಜಿ ಮೊದಲೇ ಮುಂದಕ್ಕೆ ಬಾಗಿದ್ದ. "ಮಾಡಿ ಮೇಷ್ಟ್ರೇ. ಆ ಹಾಡೇ ಮಾಡಿ. ಹತ್ತು ದೀಪ. ನಮಗೆಲ್ಲ ಇನ್ನೂ ಬಾಯಿಗೆ ಬರುತ್ತೆ, ಹಾಳಾದ್ದು, ಸ್ನಾನ ಮಾಡುವಾಗ ಬರುತ್ತೆ." ಐವತ್ತು ದಾಟಿದ ಗಂಡಸರೆಲ್ಲ ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ತುಟಿಯಲ್ಲೇ ನಕ್ಕರು. ಎಲ್ಲರಿಗೂ ಬರುತ್ತದೆ. ಬಾವುಟ ಬೀಸಿ ಹಾಡಿದ ಈ ಗಂಟಲುಗಳೇ ಈಗ ಹಾಡದ ಒಬ್ಬನನ್ನು ಹೊತ್ತು ಮೆರೆಸುತ್ತಿವೆ, ಅವನ ಹೆಗಲ ಮೇಲೆ ತಾವೂ ಏರಿಕೊಂಡು. ಮೇಷ್ಟ್ರಿಗೆ ಅವರೆಲ್ಲರ ಮೇಲೆ ಹೇಸಿಗೆ ಹುಟ್ಟಿತು. ಆ ಹೇಸಿಗೆಯಲ್ಲಿ ಒಂದು ಧೈರ್ಯ ಬಂತು. ಅಳಿಯ ಇನ್ನೊಂದು ಬಟ್ಟಲು ಕೈಗಿತ್ತ. ಅವರು ಕುಡಿದು, ಅದನ್ನು ಕೈಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿದರು.

ಎರಡು ಕೆಮ್ಮು. ಆಮೇಲೆ ರಾಗ.

ಬಂತು. ನಲವತ್ತೆರಡು ವರ್ಷ ಬಾಯಿಗೆ ತಂದುಕೊಳ್ಳದ ದನಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಂಗಿಯ ಹಾಗೆ, ಒಂದು ಸುಕ್ಕಿಲ್ಲದೆ ಬಂತು. ಎಡಕ್ಕೆ, ಬಲಕ್ಕೆ ತಲೆ. ಹತ್ತು ದೀಪ. ಎರಡನೆಯ ಸಾಲಿಗೆ ಯಾರೋ ಮುದುಕ ಬಿಕ್ಕಿದ. ಫೌಜಿ ತೊಡೆ ತಟ್ಟಿಕೊಂಡ. ಹಾಡು ನಿಂತಾಗ ಗಂಡಸರೆಲ್ಲ ಒಟ್ಟಿಗೇ ಮಾತಿಗೆ ತೊಡಗಿದರು, "ಅವರೇ, ಥೇಟ್ ಅವರೇ" ಎಂದು. ಮೇಷ್ಟ್ರಿಗೆ, ನಾಚಿಕೆಗೇಡು, ಒಳಗೆಲ್ಲೋ ಹೆಮ್ಮೆಯಾಯಿತು. ಆ ಗದ್ದಲದ ಕೆಳಗೆ ಸರಳಿನ ಹತ್ತಿರ, ಕಿವಿಗೆ ಬಿಸಿ ತಾಗುವಷ್ಟು ಹತ್ತಿರ, ನಜ್ಲಾಳ ದನಿ ಬಂತು.

"ಚೆನ್ನಾಗಿತ್ತು. ಕೆಮ್ಮು ಮಾತ್ರ ಅವನದಲ್ಲ."

ಮೇಷ್ಟ್ರು ಕೈಯಲ್ಲಿದ್ದ ಬಟ್ಟಲಿನ ತಳ ನೋಡಿದರು.

"ನನ್ನ ಗಂಡ ಐವತ್ತು ವರ್ಷ ಈ ಮನೇಲಿ ಮಲಗಿದ, ಒಂದಿನ ಕೆಮ್ಮಿಲ್ಲ. ಕಲ್ಲು ಹೊತ್ರೂ ಎದೆ ಗಟ್ಟಿ. ಸತ್ತದ್ದು ಕಿಡ್ನಿಗೆ. ಆ ಬಾಗ್ದಾದಿನೋನು ಇವನನ್ನ ಕರೆಸ್ಕೊಂಡು, ಹೀಗಂತೆ ನೀನು ಹಾಡೋದು ಅಂತ ಹಾಡಿ ತೋರಿಸ್ದ. ಮೊದಲು ಎರಡು ಸಲ ಕೆಮ್ಮಿ. ಇವನು ಅಲ್ಲೇ ನಕ್ಕುಬಿಟ್ನಂತೆ."

ಗುಡ್ಡದ ಮೈಕು ಒಂದು, ಎರಡು ಎಂದಿತು.

"ಶಹಾದೆಗೆ ಅವತ್ತೇ ಹೋಗಿ ಹೇಳಿದ, ನೀನಲ್ಲ ಅಂತ ಗೊತ್ತು ಅಂತ. ಊರಿಗೆ ಹೇಳ್ತೀನಿ ಅಂದ್ರೆ ಶಹಾದೇನೇ ಬೇಡ ಅಂದ, ಇರೋ ಮೇಷ್ಟ್ರು ನಾಲ್ಕು ಜನ, ಲಬೀಬನೂ ಹೋದ್ರೆ ಮಕ್ಕಳಿಗೆ ಯಾರು ಅಂತ. ಶಹಾದೆ ಸತ್ತ ಮೇಲಾದ್ರೂ ಹೇಳೋ ಅಂತ ನಾನು ಜಗಳ ಆಡಿದೀನಿ. ಇವನು ಏನಂದ ಗೊತ್ತಾ? ಹೇಳಿಬಿಟ್ರೆ ಲಬೀಬನಿಗೆ ಸಮಾಧಾನ ಆಗ್ಬಿಡುತ್ತೆ ಅಂದ. ಅದಕ್ಕೇ ನಿನ್ನ ಕಂಡಾಗೆಲ್ಲ ಕೆಮ್ಮೋನು. ಯಾವತ್ತಾದ್ರೂ ಗುರುತು ಹಿಡೀತೀಯ ಅಂತ ನೋಡೋನು. ಮನೆಗೆ ಬಂದು ಹೇಳೋನು, ಇವತ್ತೂ ಇಲ್ಲ ಕಣೇ ಅಂತ." ಅವಳು ಉಸಿರು ತೆಗೆದುಕೊಂಡಳು. "ನೀನು ಅಲ್ಲಿ ಹಾಡಿದ್ದನ್ನ ನಾನೂ ಒಂದ್ಸಲ ಕೇಳ್ಬೇಕಿತ್ತು. ಕೇಳ್ದೆ. ಹೋಗು ಇನ್ನು."

ಕಿಟಕಿಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ನಲವತ್ತೆರಡು ವರ್ಷ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು ಲಬೀಬನ ಮುಂದೆ ಲಬೀಬನನ್ನೇ ಅನುಕರಿಸಿದ್ದ. ಎಲ್ಲರ ಗಂಟಲೂ ಬಲ್ಲ ತಾನು ತನ್ನ ಎರಡು ಕೆಮ್ಮನ್ನು ಗುರುತಿಸಲಿಲ್ಲ; ಪಾಪ, ಧೂಳು ಎಂದುಕೊಂಡ. ಹಬ್ಬದ ಬೆಳಿಗ್ಗೆಗಳು, ಮದುವೆಗಳು, ಶಹಾದೆಯ ಶವಪೆಟ್ಟಿಗೆಯ ಹಿಂದೆ, ಔಷಧಿ ಅಂಗಡಿಯ ಮುಂದೆ: ಖಾಹ್, ಖಾಹ್, ಹೇಗಿದೀಯ ಲಬೀಬ್. ಪ್ರತಿಯೊಂದು ಸಲವೂ ರಿದಾ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದು, ದಡ್ಡ ಹುಡುಗನ ಮುಂದಿನಿಂದ ಮೇಷ್ಟ್ರು ಸರಿಯುವ ಹಾಗೆ, ಸರಿದು ಹೋಗಿದ್ದ.

"ಅಜ್ಜಿ ಏನಂದ್ರು ಮೇಷ್ಟ್ರೇ?" ಇಯಾಸ್ ಕೇಳಿದ. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಗಂಡಸರು ಇನ್ನೊಂದು ಹಾಡಿಗೆ ಕಾದವರಂತೆ ಅವರತ್ತ ನೋಡಿದರು.

ಮೇಷ್ಟ್ರು ಬಾಯಿ ತೆರೆದರು. ಮೊದಲು ಗಾಳಿ ಬಂತು. ಫೌಜಿಯ ಮೂಗು ಮುಂದೆ ಬಂದು ನಿಂತಿತು, ಅದನ್ನು ತಳ್ಳಿದರು. ಹೆಡ್ಮಾಸ್ಟರನ ಗೊಗ್ಗರು ಬಂತು, ಗವರ್ನರನ ತೊದಲು ಬಂತು, ಒಂದೊಂದನ್ನೂ ಬದಿಗೆ ಸರಿಸಿ, ತಳದಲ್ಲಿ ಉಳಿದ, ತೆಳ್ಳಗಿನ, ಒಣಗಿದ, ಯಾರೂ ಬಳಸದ ಒಂದು ದನಿಯಲ್ಲಿ, "ಶಹಾದೆ ಅಲ್ಲ" ಎಂದರು. "ನಾನು. ಹೇಳಿದ್ದು ನಾನು."

ಅಂಗಳ ಒಂದು ಗಳಿಗೆ ಕಿವಿಗೊಟ್ಟಿತು. ಇಯಾಸ್ ಹುಬ್ಬು ಗಂಟಿಕ್ಕಿ ರೆಕಾರ್ಡರನ್ನು ಹತ್ತಿರ ಸರಿಸಿದ. ಮುಂದಿನ ಸಾಲಿನ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೆನಪಿನಲ್ಲಿ ತಡಕಾಡಿ, ತಲೆ ಅಲ್ಲಾಡಿಸಿದರು.

"ಇದ್ಯಾರ ದನಿ ಮೇಷ್ಟ್ರೇ?" ಎಂದ ಫೌಜಿ, ಮೆಚ್ಚುಗೆಯಿಂದ. "ಗುರುತು ಸಿಗ್ಲಿಲ್ವಲ್ಲ."

ಅಳಿಯ ಹೂಜಿ ಹಿಡಿದು ಬಂದು ನಿಂತ. ಮೇಷ್ಟ್ರ ಕೈಯಲ್ಲಿ ಬಟ್ಟಲು ಅಲುಗಲಿಲ್ಲ. ಅವನು ಸುರಿದ, ಅವರು ಕುಡಿದು ಕೈ ಹಾಗೆಯೇ ಹಿಡಿದಿದ್ದರು, ಅವನು ಮತ್ತೆ ಸುರಿದ.